ಅಮ್ಮನ ಮುಖದ ಕಪ್ಪು

ಕಳೆದ ವರ್ಷ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದ ಫೋಟೋಗಳು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಬಂದಾಗ ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಕ್ಯಾಮೆರಾ ಆಫ್ ಮಾಡಿಕೊಂಡು ಒಂದೊಂದೇ ನೋಡ್ತಾ ಹೋದೆ. ಎಂಬತ್ತು ಫೋಟೋ ಇದ್ದಿರಬಹುದು. ಅಮ್ಮ ಕಂಡಿದ್ದು ಒಂದರಲ್ಲಿ ಮಾತ್ರ. ಅದೂ ಹಿಂದಿನ ಸಾಲಿನಲ್ಲಿ, ಯಾರದೋ ಹೆಗಲ ಮರೆಯಲ್ಲಿ, ಸೆರಗು ಕೆನ್ನೆವರೆಗೆ ಎಳೆದುಕೊಂಡು.

ರಾತ್ರಿ ಫೋನ್ ಮಾಡಿ ಕೇಳಿದೆ. "ಬಿಡೇ, ಶುಭ ಕಾರ್ಯದಲ್ಲಿ ನನ್ನ ಮುಖ ಯಾಕೆ. ಯಾರೋ ಒಬ್ಬಳು ನನ್ನ ನೋಡಿ ನಿಮ್ಮಮ್ಮನ ಅಕ್ಕ ಏನಮ್ಮಾ ಅಂತ ನಮ್ ಹುಡುಗೀನ ಕೇಳಿದ್ಲು" ಅಂದಳು. ನಕ್ಕಳು ಕೂಡ. ಅಮ್ಮ ಚಿಕ್ಕಮ್ಮನಿಗಿಂತ ನಾಲ್ಕೇ ವರ್ಷ ದೊಡ್ಡವಳು. ಆ ಯಾರೋ ಒಬ್ಬಳ ಕಣ್ಣಿಗೆ ಹದಿನೈದು ವರ್ಷ ದೊಡ್ಡವಳ ಹಾಗೆ ಕಂಡಿದ್ದಳಂತೆ.

ಈ ಕಾಲಂ ಓದುವವರಿಗೆ ಗೊತ್ತಿದೆ, ಅಮ್ಮ ಡಯಾಲಿಸಿಸ್‌ನಲ್ಲಿದ್ದಾಳೆ. ಈಗ ಆರು ವರ್ಷ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಯ್ತು. ವಾರಕ್ಕೆ ಮೂರು ದಿನ, ಹಾಸನ ಜಿಲ್ಲೆಯ ನಮ್ಮ ಹಳ್ಳಿಯಿಂದ 22 ಕಿಲೋಮೀಟರ್ ದೂರದ ಸೆಂಟರ್‌ಗೆ ಹೋಗಿ ಮಲಗ್ತಾಳೆ. ಇಷ್ಟು ದಿನ ನಾನು ನೋಡ್ತಾ ಇದ್ದಿದ್ದು ಬರೀ ರಿಪೋರ್ಟ್‌ನ ನಂಬರ್‌ಗಳನ್ನು. ಕ್ರಿಯಾಟಿನಿನ್ ಎಷ್ಟು, ಪೊಟ್ಯಾಶಿಯಂ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಅಂತ ಎಕ್ಸೆಲ್ ಶೀಟ್ ಮಾಡಿ ಇಟ್ಟಿದ್ದೀನಿ. ಮುಖದ ಬಣ್ಣಕ್ಕೆ ಅದರಲ್ಲಿ ಕಾಲಮ್ ಇರಲಿಲ್ಲ. ಅಮ್ಮ ಮೊದಲು ಗೋಧಿ ಬಣ್ಣ. ಈಗ ಹಣೆ, ಕೆನ್ನೆ, ಕುತ್ತಿಗೆ, ಮುಂಗೈ ಎಲ್ಲ ಬೂದಿ ಮಿಶ್ರಿತ ಕಪ್ಪು. ರವಿಕೆ ಮುಚ್ಚುವ ಜಾಗ ಮಾತ್ರ ಹಳೇ ಬಣ್ಣ.

ಆಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ನಾನೂ ಚಿಕ್ಕವಳಿದ್ದಾಗ "ಹುಡುಗಿ ಸ್ವಲ್ಪ ಬಣ್ಣ ಕಮ್ಮಿ" ಅನ್ನಿಸಿಕೊಂಡು ಬೆಳೆದವಳು. ಫೇರ್‌ನೆಸ್ ಕ್ರೀಮ್ ಅಂದರೆ ಉರಿಯುತ್ತೆ ನನಗೆ. ಆದರೆ ಅಮ್ಮ ಸೆರಗು ಎಳೆದುಕೊಂಡ ಫೋಟೋ ನೋಡಿ ಬುದ್ಧಿ ಎಲ್ಲಿ ಹೋಯ್ತೋ. ಸಹೋದ್ಯೋಗಿಯೊಬ್ಬಳು "ಹದಿನೈದು ದಿನದಲ್ಲಿ ರಿಸಲ್ಟ್" ಅಂತ ಹೇಳಿದ ಕ್ರೀಮನ್ನು ಆನ್‌ಲೈನ್‌ನಲ್ಲಿ ತರಿಸಿ ಊರಿಗೆ ಕಳಿಸಿಬಿಟ್ಟೆ. ಡಬ್ಬಿಯ ಮೇಲೆ ನನಗೆ ಓದೋಕೆ ಬಾರದ ಲಿಪಿ. ಒಳಗೆ ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಆಫೀಸಿನಲ್ಲಿ ಗೊತ್ತಿಲ್ಲದ ಒಂದು ಲೈಬ್ರರಿ ಸೇರಿಸೋಕೆ ನಾಲ್ಕು ಜನರ ಅಪ್ರೂವಲ್ ಕೇಳುವ ನಾನು, ಅಮ್ಮನ ಮುಖಕ್ಕೆ ಹಚ್ಚೋದಕ್ಕೆ ಯಾರನ್ನೂ ಕೇಳಲಿಲ್ಲ.

ಅಮ್ಮ ಹದಿನೇಳು ದಿನ ಹಚ್ಚಿಕೊಂಡಳು. ಸ್ವಲ್ಪ ತಿಳಿಯಾಗಿದೆ ಅಂತ ಖುಷಿಯಾಗಿ ಹೇಳಿದಳು ಕೂಡ. ಹದಿನೆಂಟನೇ ದಿನ ತಿಂಗಳ ಚೆಕಪ್‌ಗೆ ನಾನೂ ಊರಿಗೆ ಹೋಗಿದ್ದೆ. ಕಿಡ್ನಿ ಡಾಕ್ಟರ್ ಅಮ್ಮನ ಮುಖ ನೋಡಿ ಮೊದಲು ಕೇಳಿದ್ದೇ "ಏನಮ್ಮಾ ಹಚ್ಕೋತಿದ್ದೀರಿ?" ಅಂತ. ಅಮ್ಮ ನನ್ನ ಕಡೆ ನೋಡಿದಳು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ತಾಯಿಗೆ ಇನ್ನೂ ದಿನಕ್ಕೆ 300, 400 ಎಂಎಲ್ ಮೂತ್ರ ಹೋಗುತ್ತೆ. ಅದು ಅವರ ಆಸ್ತಿ. ಅಷ್ಟು ಉಳಿದಿದೆ ಅಂತಾನೇ ಆರು ವರ್ಷ ಆದರೂ ಒಂಚೂರು ಆರಾಮಾಗಿದ್ದಾರೆ. ಅದನ್ನ ಕ್ರೀಮ್‌ನಿಂದ ಕಳ್ಕೊಬೇಡಿ" ಅಂದರು.

ಬೆಳ್ಳಗಾಗಿಸುವ ಲೇಬಲ್ ಇಲ್ಲದ ಕ್ರೀಮ್‌ಗಳಲ್ಲಿ ಎಷ್ಟೋ ಕಡೆ ಪಾದರಸ ಸಿಕ್ಕಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗೋದನ್ನು ಪಾದರಸ ತಡೆಯುತ್ತೆ, ಅದಕ್ಕೇ ಅಷ್ಟು ಬೇಗ "ರಿಸಲ್ಟ್". ಅದೇ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಕೂರುತ್ತೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ನೋಡಿದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಜನರ ವಿವರ ಪ್ರಕಟಿಸಿದ್ದಾರೆ. ಅದರಲ್ಲಿ 15 ಜನರಲ್ಲಿ ಅಪರೂಪದ ಒಂದು ಗುರುತು ಸಿಕ್ಕಿತು. ಆ 15ರಲ್ಲಿ 13 ಜನ ಕಾಯಿಲೆಗೆ ಮುಂಚೆ ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದವರು. ಅವರಿಗೆ ಮೊದಲು ಚೆನ್ನಾಗಿಯೇ ಇದ್ದ ಕಿಡ್ನಿ ಅದು. ಪಾದರಸ ನರಗಳಿಗೂ ಕೆಟ್ಟದ್ದು. ಟವೆಲ್, ದಿಂಬಿನ ಕವರ್ ಮೂಲಕ ಮನೆಯಲ್ಲಿರೋ ಬೇರೆಯವರಿಗೂ ತಾಗುತ್ತೆ, ಮಕ್ಕಳಿಗೂ.

ಅಮ್ಮನ ರಕ್ತವನ್ನು ಪಾದರಸದ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರೋಕೆ ಒಂದು ವಾರ. ಆ ವಾರ ನಾನು ಹೇಗಿದ್ದೆ ಅಂತ ಬರೆಯೋದಿಲ್ಲ. ಮಿತಿಯ ಒಳಗೇ ಬಂತು.

ಪಾದರಸವೇ ಇರಬೇಕು ಅಂತಿಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆಸಿದ ಕ್ರೀಮ್‌ಗಳು ಚರ್ಮವನ್ನು ತೆಳು ಮಾಡುತ್ತವೆ. ಡಯಾಲಿಸಿಸ್‌ನವರಿಗೆ ಪ್ರತಿ ಸಲ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡ್ತಾರೆ, ಪ್ಲೇಟ್‌ಲೆಟ್‌ಗಳೂ ಸರಿಯಾಗಿ ಕೆಲಸ ಮಾಡಲ್ಲ, ಸಣ್ಣ ಪೆಟ್ಟಿಗೇ ನೀಲಿಗಟ್ಟುತ್ತೆ. ಅಂಥ ಚರ್ಮವನ್ನು ಇನ್ನೂ ತೆಳು ಮಾಡಿದರೆ ಹೇಗಿರುತ್ತೆ ಯೋಚಿಸಿ. ಹೈಡ್ರೋಕ್ವಿನೋನ್ ಇರುವ ಕ್ರೀಮನ್ನು ವರ್ಷಗಟ್ಟಲೆ ಹಚ್ಚಿದರೆ ನೀಲಿಗಪ್ಪು ಕಲೆ ಬೀಳುವುದುಂಟು, ಅದು ಹೋಗೋದೇ ಕಷ್ಟ.

ಇಷ್ಟೆಲ್ಲ ಆದ ಮೇಲೆ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: "ಡಾಕ್ಟ್ರೇ, ಅಮ್ಮ ಯಾಕೆ ಕಪ್ಪಾದ್ರು?"

ಅವರು ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡಿದ್ದನ್ನು ಸೇರಿಸಿ ಹೇಳ್ತೀನಿ. ನಮ್ಮ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಂಎಸ್‌ಎಚ್ ಎಂಬ ಹಾರ್ಮೋನು ಚರ್ಮಕ್ಕೆ "ಮೆಲನಿನ್ ಮಾಡು" ಅಂತ ಹೇಳುತ್ತೆ. ಕೆಲಸ ಮುಗಿದ ಹಾರ್ಮೋನನ್ನು ಹೊರಹಾಕೋದು ಕಿಡ್ನಿ. ಕಿಡ್ನಿ ಇಲ್ಲದಿದ್ದರೆ ಅದು ರಕ್ತದಲ್ಲೇ ಸುತ್ತುತ್ತಾ ಇರುತ್ತೆ. ಬಿಸಿಲು ಬೀಳುವ ಜಾಗದಲ್ಲಿ ಮೆಲನಿನ್ ಹೆಚ್ಚು ಹೆಚ್ಚು ತಯಾರಾಗುತ್ತೆ. ಅದಕ್ಕೇ ಮುಖ, ಕುತ್ತಿಗೆ, ಮುಂಗೈ. ಇದರ ಮೇಲೆ ಮೂತ್ರದಲ್ಲಿ ಹೋಗಬೇಕಿದ್ದ ಹಳದಿ ಬಣ್ಣದ ಪದಾರ್ಥಗಳು, ತರಕಾರಿಯ ಕ್ಯಾರೊಟಿನ್‌ಗಳು ಚರ್ಮದ ಅಡಿಯಲ್ಲಿ ಕೂರುತ್ತವೆ. ರಕ್ತಹೀನತೆಯಿಂದ ಬಿಳಿಚಿಕೊಂಡಿರೋದು ಬೇರೆ. ಕಪ್ಪು, ಹಳದಿ, ಬಿಳುಪು ಮೂರೂ ಸೇರಿದರೆ ಆ ಬೂದಿ ಬಣ್ಣ.

ಅಂದರೆ ಮುಖದಲ್ಲಿ ಕಾಣೋದು ಮುಖದ ತೊಂದರೆ ಅಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಬಗ್ ಇರೋದು ಬ್ಯಾಕೆಂಡ್‌ನಲ್ಲಿ, ನಾನು ಸ್ಕ್ರೀನ್ ಒರೆಸ್ತಾ ಇದ್ದೆ.

ಇನ್ನೊಂದು ವಿಷಯ. ಈ ತೊಂದರೆ ಬರಬೇಕಂದ್ರೆ ಕಿಡ್ನಿ ಹೋದ ಮೇಲೂ ಮನುಷ್ಯ ವರ್ಷಗಟ್ಟಲೆ ಬದುಕಬೇಕು. 1960ಕ್ಕೆ ಮುಂಚೆ ಅದು ಸಾಧ್ಯವೇ ಇರಲಿಲ್ಲ. ಪ್ರತಿ ಡಯಾಲಿಸಿಸ್‌ಗೂ ಹೊಸ ರಕ್ತನಾಳ ಹುಡುಕಬೇಕಿತ್ತು, ಕೆಲವೇ ಸಲಕ್ಕೆ ನಾಳಗಳು ಮುಗಿದುಹೋಗ್ತಿದ್ದವು. ಆ ವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಹಾಕಿದ ಮೇಲೆ ದೀರ್ಘಕಾಲದ ಡಯಾಲಿಸಿಸ್ ಶುರುವಾಯ್ತು. ಆಗಿನವರ ಬಣ್ಣ ಇನ್ನೂ ಗಾಢವಾಗಿ ಕೆಡುತ್ತಿತ್ತು. ರಕ್ತ ಕಮ್ಮಿಯಾದಾಗಲೆಲ್ಲ ರಕ್ತ ಏರಿಸ್ತಿದ್ದರು, ಅದರ ಕಬ್ಬಿಣ ದೇಹದಲ್ಲಿ ತುಂಬಿ ಚರ್ಮ ಕಂಚಿನ ಬಣ್ಣಕ್ಕೆ ತಿರುಗ್ತಿತ್ತು. 1989ರಲ್ಲಿ ಅಮೆರಿಕದಲ್ಲಿ ಎರಿಥ್ರೊಪೊಯೆಟಿನ್ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕ ಮೇಲೆ ರಕ್ತ ಏರಿಸೋದು ಕಡಿಮೆಯಾಯ್ತು. ಅಮ್ಮನಿಗೂ ಅದೇ ಇಂಜೆಕ್ಷನ್ ಕೊಡ್ತಾರೆ. ನಿಮ್ಮ ಮನೆಯವರಿಗೆ ಕಬ್ಬಿಣದ ಇಂಜೆಕ್ಷನ್ ಹಾಕ್ತಿದ್ದರೆ ಫೆರಿಟಿನ್ ಎಷ್ಟಿದೆ ಅಂತ ಆಗಾಗ ಕೇಳ್ತಿರಿ.

ಈಗ ಬಸ್ಸಿನ ಕಥೆ.

ಡಾಕ್ಟರ್ ಅಮ್ಮನ ಫೈಲ್ ತಿರುಗಿಸ್ತಾ "ಕೆಟಿ ಬೈ ವಿ 1.05 ಇದೆಯಲ್ಲ" ಅಂದರು. ಒಂದು ಸಲದ ಡಯಾಲಿಸಿಸ್‌ನಲ್ಲಿ ರಕ್ತ ಎಷ್ಟು ಶುದ್ಧವಾಯ್ತು ಅಂತ ಹೇಳುವ ನಂಬರ್ ಅದು. ವಾರಕ್ಕೆ ಮೂರು ಸಲ ಮಾಡಿಸುವವರಿಗೆ ಕನಿಷ್ಠ 1.2 ಇರಬೇಕು, 1.4ರ ಗುರಿ ಇಟ್ಟುಕೊಳ್ತಾರೆ. ನನ್ನ ಎಕ್ಸೆಲ್ ಶೀಟ್‌ನಲ್ಲಿ ಈ ನಂಬರ್ ಇರಲೇ ಇಲ್ಲ. ಸೂಜಿ ಸರಿಯಾಗಿದೆಯಾ, ರಕ್ತದ ವೇಗ ಸರಿಯಿದೆಯಾ ಅಂತೆಲ್ಲ ನೋಡಿದರು. ಎಲ್ಲ ಸರಿ ಇತ್ತು. ಕೊನೆಗೆ ಟೆಕ್ನಿಷಿಯನ್ ಹುಡುಗ ಮೆಲ್ಲಗೆ ಹೇಳಿದ: "ಮೇಡಂ, ಆಂಟಿ ಅರ್ಧ ಗಂಟೆ ಮುಂಚೇನೇ ತೆಗೆಸ್ಕೊಂಡು ಹೋಗ್ತಾರೆ. ಬಸ್ ಹೋಗ್ಬಿಡುತ್ತೆ ಅಂತಾರೆ."

ನಮ್ಮೂರಿಗೆ ನಾಲ್ಕೂಕಾಲಿನ ಬಸ್ ತಪ್ಪಿದರೆ ಮುಂದಿನದು ಆರೂವರೆಗೆ. ಅಪ್ಪ ಬೆಳಿಗ್ಗೆ ಬಿಟ್ಟು ಅಂಗಡಿಗೆ ವಾಪಸ್ ಹೋಗ್ತಾರೆ. ಅಮ್ಮ ಯಾರಿಗೂ ಹೇಳದೆ ಒಂದೂವರೆ ವರ್ಷದಿಂದ ನಾಲ್ಕು ಗಂಟೆಯ ಬದಲು ಮೂರೂವರೆ ಗಂಟೆಗೇ ಎದ್ದು ಬರ್ತಿದ್ದಳು. "ಅರ್ಧ ಗಂಟೇಲಿ ಏನಾಗುತ್ತೆ ಬಿಡು, ನಿಮ್ಮಪ್ಪ ಅಂಗಡಿ ಮುಚ್ಕೊಂಡು ಬರ್ಬೇಕಾಗುತ್ತೆ" ಅಂದಳು.

ಮನೆಗೆ ಬಂದು ಲೆಕ್ಕ ಹಾಕಿದೆ. ವರ್ಷಕ್ಕೆ 156 ಸಲ, ಸಲಕ್ಕೆ ಅರ್ಧ ಗಂಟೆ. ಒಟ್ಟು 78 ಗಂಟೆ. ನಾಲ್ಕರಿಂದ ಭಾಗಿಸಿದರೆ ಹತ್ತಿರ ಹತ್ತಿರ 20 ಡಯಾಲಿಸಿಸ್. ವರ್ಷದಲ್ಲಿ 20 ಸಲ ಹೋಗದೇ ಇದ್ದ ಹಾಗೆ. ಒಳ್ಳೆ ಕಿಡ್ನಿ ವಾರದ 168 ಗಂಟೆಯೂ ಕೆಲಸ ಮಾಡುತ್ತೆ. ಅದರ ಬದಲಿಗೆ ನಾವು ಕೊಡೋದೇ 12 ಗಂಟೆ. ಅದರಲ್ಲೂ ಒಂದೂವರೆ ಗಂಟೆ ಬಸ್ಸಿಗೆ ಹೋಗ್ತಿತ್ತು.

ನಾನು ಕ್ರೀಮ್‌ಗೆ ಕೊಟ್ಟ ದುಡ್ಡಲ್ಲಿ ಹತ್ತು ದಿನದ ಆಟೋ ಬಾಡಿಗೆ ಆಗ್ತಿತ್ತು. ಈಗ ಊರಿನ ಆಟೋ ಅಣ್ಣನಿಗೆ ತಿಂಗಳ ಲೆಕ್ಕದಲ್ಲಿ ಹೇಳಿದ್ದೀವಿ. ಅಮ್ಮ ನಾಲ್ಕು ಗಂಟೆ ಪೂರ್ತಿ ಮಲಗ್ತಾಳೆ. ಡಾಕ್ಟರ್ ಡಯಲೈಸರ್ ಕೂಡ ಹೈ ಫ್ಲಕ್ಸ್‌ಗೆ ಬದಲಾಯಿಸಿದರು. ಡಯಲೈಸರ್ ಅಂದರೆ ಜರಡಿ ಇದ್ದ ಹಾಗೆ. ಯೂರಿಯಾದಂಥ ಸಣ್ಣ ಕಣ ಎಲ್ಲ ಜರಡಿಯಲ್ಲೂ ಇಳಿಯುತ್ತೆ, ದೊಡ್ಡ ಕಣ ಇಳಿಯೋಕೆ ರಂಧ್ರ ದೊಡ್ಡದಿರಬೇಕು. ಹೈ ಫ್ಲಕ್ಸ್ ಅಂದರೆ ಅದೇ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಹಿಮೋಡಯಾಫಿಲ್ಟ್ರೇಷನ್ ಅಂತ ಇನ್ನೂ ಒಂದು ಹೆಜ್ಜೆ ಮುಂದಿನದು ಇದೆ, ಖರ್ಚು ಜಾಸ್ತಿ. ಇದರಿಂದ ಬಣ್ಣ ವಾಪಸ್ ಬರುತ್ತೆ ಅಂತ ಡಾಕ್ಟರ್ ಮಾತು ಕೊಡಲಿಲ್ಲ. "ಇನ್ನೂ ಕಪ್ಪಾಗದ ಹಾಗೆ ನೋಡ್ಕೊಳ್ಳೋಣ. ಕೆರೆತ ಕಮ್ಮಿಯಾದ್ರೆ ಅರ್ಧ ಗೆದ್ದ ಹಾಗೆ" ಅಂದರು.

ಕೆರೆತದ ಮಾತು ಮುಖ್ಯ, ಯಾಕಂದ್ರೆ ಈ ಕಪ್ಪಿನಲ್ಲಿ ನಿಜವಾಗಿ ಕಮ್ಮಿ ಮಾಡಬಹುದಾದ ಭಾಗ ಅದೇ. ಡಯಾಲಿಸಿಸ್‌ನವರಿಗೆ ಬೆವರು ಗ್ರಂಥಿ, ಎಣ್ಣೆ ಗ್ರಂಥಿ ಕುಗ್ಗಿ ಚರ್ಮ ಒಣಗುತ್ತೆ. ಜೊತೆಗೆ ಫಾಸ್ಫರಸ್ ಏರಿರುತ್ತೆ, ಪಿಟಿಎಚ್ ಏರಿರುತ್ತೆ, ಕಲ್ಮಶ ಪೂರ್ತಿ ಹೋಗಿರಲ್ಲ. ರಾತ್ರಿಯೆಲ್ಲ ಕೆರೆದು ಕೆರೆದು ಗಾಯ, ಗಾಯ ಒಣಗಿದ ಮೇಲೆ ಕಪ್ಪು ಕಲೆ, ಅದರ ಮೇಲೆ ಮತ್ತೆ ಕೆರೆತ. ಅಮ್ಮನ ಬೆನ್ನು, ತೋಳು ನೋಡಿದರೆ ಅದೇ ಕಥೆ. ಚರ್ಮದ ಡಾಕ್ಟರ್ ಹೇಳಿಕೊಟ್ಟಿದ್ದು ತುಂಬ ಸಾದಾ: ಸುಡುವ ನೀರಿನ ಸ್ನಾನ ಬೇಡ, ಉಗುರುಬೆಚ್ಚಗೆ ಸಾಕು. ಸೋಪು ಕಂಕುಳು, ತೊಡೆಸಂದಿಗೆ ಮಾತ್ರ. ಮೈ ಒರೆಸಿದ ತಕ್ಷಣ, ಹಸಿ ಇರುವಾಗಲೇ, ಪರಿಮಳ ಇಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ಫಿಸ್ಟುಲಾ ಇರುವ ತೋಳಿಗೆ ಮಾತ್ರ ಡಯಾಲಿಸಿಸ್ ದಿನ ಬೆಳಿಗ್ಗೆ ಬೇಡ, ಪ್ಲಾಸ್ಟರ್ ಅಂಟಲ್ಲ. ಕೆರೆತ ತಡೆಯೋಕಾಗದಿದ್ದರೆ ಗಾಬಾಪೆಂಟಿನ್ ತುಂಬ ಸಣ್ಣ ಡೋಸ್‌ನಲ್ಲಿ ಕೊಡ್ತಾರೆ. ಅದನ್ನು ನಾವೇ ಅಂಗಡಿಯಿಂದ ತಂದು ನುಂಗಬಾರದು, ಕಿಡ್ನಿ ಇಲ್ಲದವರಲ್ಲಿ ಅದು ದೇಹದಲ್ಲೇ ಉಳಿದು ಮಂಪರು, ತಲೆಸುತ್ತು ತರುತ್ತೆ. ಚರ್ಮದ ಆಸ್ಪತ್ರೆಯಲ್ಲಿ ಕೊಡುವ ಯುವಿಬಿ ಬೆಳಕಿನ ಚಿಕಿತ್ಸೆಯೂ ಕೆಲವರಿಗೆ ಕೆರೆತ ಇಳಿಸುತ್ತೆ, ಆದರೆ ಅದೇ ಬೆಳಕು ಬಣ್ಣ ಇನ್ನಷ್ಟು ಕಪ್ಪು ಮಾಡಬಹುದು ಅಂತ ಮೊದಲೇ ತಿಳಿದಿರಲಿ.

ಬಿಸಿಲಿಗೆ ಕೊಡೆ, ತುಂಬು ತೋಳಿನ ರವಿಕೆ, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಅಮ್ಮ ಸನ್‌ಸ್ಕ್ರೀನ್ ಅಂದರೆ "ಈ ವಯಸ್ಸಲ್ಲಿ ಏನು ಥಳಕು" ಅಂತಾಳೆ. "ಔಷಧಿ ಕಣಮ್ಮ" ಅಂತ ಹೇಳಿ ಮಾತ್ರೆ ಡಬ್ಬಿಯ ಪಕ್ಕ ಇಟ್ಟು ಬಂದಿದ್ದೀನಿ.

ಇನ್ನು ನೆಂಟರ ಮದ್ದು. ಪ್ರೀತಿಯಿಂದಲೇ ಹೇಳ್ತಾರೆ, ಅದೇ ಕಷ್ಟ. ದೊಡ್ಡಮ್ಮ "ದಿನಾ ಕ್ಯಾರೆಟ್, ಬೀಟ್‌ರೂಟ್ ಜ್ಯೂಸ್ ಕೊಡು, ಮುಖ ಕೆಂಪಗೆ ಆಗುತ್ತೆ" ಅಂದರು. ಎಳನೀರು ಹೇಳಿದವರೂ ಇದ್ದಾರೆ. ಕಿಡ್ನಿ ಇಲ್ಲದವರಿಗೆ ಇವುಗಳ ಪೊಟ್ಯಾಶಿಯಂ ಹೃದಯವನ್ನೇ ನಿಲ್ಲಿಸಬಹುದು. ಬಣ್ಣಕ್ಕೆ ಅಂತ ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದರೆ ಅದು ಆಕ್ಸಲೇಟ್ ಆಗಿ ಅಂಗಾಂಗಗಳಲ್ಲಿ ಕೂರುತ್ತೆ. ವಿಟಮಿನ್ ಎ ಇವರ ದೇಹದಲ್ಲಿ ಮೊದಲೇ ಹೆಚ್ಚಿರುತ್ತೆ, ಮತ್ತೆ ಮಾತ್ರೆ ಬೇಡ. ಕಡಲೆಹಿಟ್ಟು, ನಿಂಬೆರಸ ಉಜ್ಜೋದು ಪ್ರಾಣಕ್ಕೇನೂ ಅಲ್ಲ, ಆದರೆ ಒಣಗಿದ ಚರ್ಮ ಉರಿದು ಇನ್ನೂ ಕಪ್ಪಾಗುತ್ತೆ. ದೊಡ್ಡಮ್ಮನಿಗೆ ಪೊಟ್ಯಾಶಿಯಂ ವಿಷಯ ಹೇಳಿದೆ. ಪಾಪ, ಹೆದರಿಬಿಟ್ಟರು. ಈಗ ಅಮ್ಮನಿಗೆ ನೀರು ಕೊಡೋದಕ್ಕೂ ನನಗೆ ಫೋನ್ ಮಾಡ್ತಾರೆ.

ಬಣ್ಣ ಮರೆಸೋ ಗಡಿಬಿಡಿಯಲ್ಲಿ ನಾನು ನೋಡದೇ ಇದ್ದ ಬೇರೆ ಬಣ್ಣಗಳಿವೆ. ಡಯಾಲಿಸಿಸ್ ಸಿಸ್ಟರ್ ಇವನ್ನು ನನಗೆ ಬರೆಸಿದರು. ಫಿಸ್ಟುಲಾ ಮೇಲೆ ಕೆಂಪಾಗಿ ಬಿಸಿಯಾದರೆ ಸೋಂಕು. ಅದರ ಮೇಲಿನ ಚರ್ಮ ತೆಳ್ಳಗೆ ಹೊಳೆಯೋಕೆ ಶುರುವಾದರೆ, ಅಥವಾ ಅಲ್ಲಿನ ಹಕ್ಕಳೆ ಮಾಯದೇ ಇದ್ದರೆ, ಒಡೆದು ರಕ್ತ ಚಿಮ್ಮಬಹುದು, ಅದೇ ದಿನ ತೋರಿಸಬೇಕು. ಆ ಕೈಯ ಬೆರಳು ಬಿಳಿಚಿ ಅಥವಾ ನೀಲಿಯಾಗಿ ತಣ್ಣಗಾದರೆ ಬೆರಳಿಗೆ ರಕ್ತ ಸಾಲ್ತಿಲ್ಲ ಅಂತ. ತೊಡೆ ಅಥವಾ ಹೊಟ್ಟೆಯ ಮೇಲೆ ಬಲೆಯ ಹಾಗೆ ನೇರಳೆ ಗುರುತು, ಮುಟ್ಟೋಕೆ ಆಗದಷ್ಟು ನೋವು ಇದ್ದರೆ ನಾಳೆ ಅಂತ ಕಾಯಬೇಡಿ. ಸಣ್ಣ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿ ಚರ್ಮ ಸಾಯುವ ಕ್ಯಾಲ್ಸಿಫೈಲ್ಯಾಕ್ಸಿಸ್ ಅದು, ಜೀವಕ್ಕೇ ಅಪಾಯ. ಕಣ್ಣು ಹಳದಿಯಾದರೆ ಕಿಡ್ನಿಯದಲ್ಲ, ಲಿವರ್ ಪರೀಕ್ಷೆ ಮಾಡಿಸಬೇಕು. ಉಗುರಿನ ಬುಡದ ಅರ್ಧ ಬಿಳಿ, ತುದಿಯ ಅರ್ಧ ಕಂದು ಆಗಿರೋದು ಮಾತ್ರ ಹೆದರುವ ವಿಷಯ ಅಲ್ಲ. ಕಿಡ್ನಿ ಕಾಯಿಲೆಯ ಗುರುತು ಅಷ್ಟೆ, ಅಮ್ಮನಿಗೂ ಇದೆ.

ಕಸಿ ಆದರೆ ಬಣ್ಣ ಎಷ್ಟೋ ಜನಕ್ಕೆ ತಿಳಿಯಾಗುತ್ತೆ. ಅಮ್ಮನ ಹೆಸರು ಮೆದುಳು ನಿಷ್ಕ್ರಿಯಗೊಂಡವರಿಂದ ಅಂಗ ಪಡೆಯುವ ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿದೆ. ಪಟ್ಟಿ ಉದ್ದ ಇದೆ.

ಪೂರ್ತಿ ನಾಲ್ಕು ಗಂಟೆ ಶುರುವಾಗಿ ಈಗ ಏಳು ತಿಂಗಳು. ಕೆಟಿ ಬೈ ವಿ 1.36. ರಾತ್ರಿ ಕೆರೆತಕ್ಕೆ ಏಳೋದು ನಿಂತಿದೆ. ತೋಳಿನ ಕಲೆಗಳು ಮಾಸಿವೆ. ಮುಖದ ಕಪ್ಪು? ಹಾಗೇ ಇದೆ ಅನ್ನಬಹುದು. ನಾನು ಎರಡು ಫೋಟೋ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡ್ತೀನಿ, ಒಂದು ಸಲ ಕಮ್ಮಿ ಅನಿಸುತ್ತೆ, ಇನ್ನೊಂದು ಸಲ ಲೈಟಿನ ವ್ಯತ್ಯಾಸ ಅನಿಸುತ್ತೆ.

ಹೋದ ತಿಂಗಳು ಚಿಕ್ಕಮ್ಮನ ಮಗಳ ಮದುವೆ. ಧಾರೆ ಗುರುವಾರ, ಅಮ್ಮನ ಡಯಾಲಿಸಿಸ್ ದಿನವೂ ಗುರುವಾರ. "ಒಂದು ಸಲ ಬಿಟ್ರೆ ಆಗಲ್ವಾ?" ಅಂತ ಯಾರೋ ಕೇಳಿದ್ದಕ್ಕೆ ಅಪ್ಪನೇ "ಆಗಲ್ಲ" ಅಂದರು. ಸೆಂಟರ್‌ನವರು ಬುಧವಾರ ರಾತ್ರಿ ಪಾಳಿಯಲ್ಲಿ ಒಂದು ಬೆಡ್ ಮಾಡಿಕೊಟ್ಟರು. ರಾತ್ರಿ ಹತ್ತೂವರೆಗೆ ಮುಗಿಸಿ, ಬೆಳಿಗ್ಗೆ ಏಳಕ್ಕೆ ಛತ್ರದಲ್ಲಿದ್ದಳು.

ಫೋಟೋ ತೆಗೆಯುವಾಗ ನನ್ನ ಫೋನ್ ತಾನಾಗೇ ಅಮ್ಮನ ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡಿತ್ತು. ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ "ಇದ್ಯಾರೇ ಇವಳು, ನಮ್ಮ ಕಡೆಯೋಳಾ, ಗಂಡಿನ ಕಡೆಯೋಳಾ?" ಅಂದಳು. ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿದೆ. ಅಷ್ಟರಲ್ಲಿ ಚಿಕ್ಕಮ್ಮ ಬಂದು ಅಮ್ಮನ ಕೈ ಹಿಡಿದು ಮುಂದಿನ ಸಾಲಿಗೆ ಎಳೆದರು. "ಆ ಕೈ ಹಿಡೀಬೇಡ್ವೇ, ಫಿಸ್ಟುಲಾ" ಅಂತ ಅಮ್ಮ ಗದರಿಕೊಂಡು, ಇನ್ನೊಂದು ಕೈ ಕೊಟ್ಟಳು.